ಲೋಕಲ್ ರೈಲಲ್ಲಿ ಮನೆ ಹಾಡು ಕೇಳೋದು

ಡೊಂಬಿವ್ಲಿ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿರೋ ಫ್ಲ್ಯಾಕ್ (ಗುಣಮಟ್ಟ ಕಳೆಯದ, ದೊಡ್ಡ ಗಾತ್ರದ ಫೈಲ್) ಹಾಡುಗಳನ್ನ ಮುಂಬೈ ಲೋಕಲ್ ರೈಲಲ್ಲಿ ಮೊಬೈಲ್ ಬ್ರೌಸರಲ್ಲೇ ಕೇಳಬೇಕು, ಆ್ಯಪ್ ಬೇಡ ಅಂದಿದ್ದೀರಿ. ಆಗುತ್ತೆ ಸರ್. ಲ್ಯಾಪ್‌ಟಾಪಿಗೆ ನ್ಯಾವಿಡ್ರೋಮ್ ಹಾಕಿ, ಅಲ್ಲಿರೋ ಹಾಡನ್ನ ಬ್ರೌಸರಿಗೆ ಕಳಿಸೋ ಸಾಫ್ಟ್‌ವೇರ್ ಅದು, ಉಚಿತ. ಮನೆ ವೈಫೈನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ, ಅದರ ಮುಂದೆ ಪೋರ್ಟ್ ಅಂದ್ರೆ ಬಾಗಿಲ ನಂಬರ್ 4533, ಇಷ್ಟನ್ನ ಬ್ರೌಸರಲ್ಲಿ ಕೊಟ್ರೆ ತೆರೆಯುತ್ತೆ.

ತಲೆನೋವಿರೋದು ಮನೆಯಿಂದ ಹೊರಗೆ. ರೌಟರಲ್ಲಿ ಪೋರ್ಟ್ ತೆರೆದಿಡಬೇಡಿ, ಕಂಡಕಂಡವರೆಲ್ಲ ಬಾಗಿಲು ತಟ್ತಾರೆ. ಅಲ್ಲದೆ ಎಷ್ಟೋ ಬ್ರಾಡ್‌ಬ್ಯಾಂಡ್‌ಗಳಲ್ಲಿ ಪಬ್ಲಿಕ್ ಐಪಿಯೇ (ಹೊರಗಿನಿಂದ ನೇರ ತಲುಪೋ ವಿಳಾಸ) ಸಿಗಲ್ಲ. ಅದಕ್ಕೇ ಲ್ಯಾಪ್‌ಟಾಪ್, ಮೊಬೈಲ್ ಎರಡರಲ್ಲೂ ಟೇಲ್‌ಸ್ಕೇಲ್ ಹಾಕ್ಕೊಳ್ಳಿ, ಅವೆರಡರ ನಡುವೆ ಖಾಸಗಿ ದಾರಿ ಮಾಡ್ಕೊಡುತ್ತೆ (ಈ ಒಂದು ಆ್ಯಪ್ ಮಾತ್ರ ತಪ್ಪಿದ್ದಲ್ಲ).

ಫ್ಲ್ಯಾಕ್ ಹಾಗೇ ಕಳಿಸಿದ್ರೆ ಸಂಜೆ ಗದ್ದಲದ ನೆಟ್‌ವರ್ಕ್‌ನಲ್ಲಿ ತಡವರಿಸುತ್ತೆ. ನ್ಯಾವಿಡ್ರೋಮ್‌ನ ಪ್ಲೇಯರ್ಸ್ ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಕೋಡಿಂಗ್ (ಹಾಡನ್ನ ಚಿಕ್ಕದು ಮಾಡಿ ಕಳಿಸೋದು) ಓಪಸ್ ಅನ್ನೋ ಫಾರ್ಮ್ಯಾಟ್, 128 ಕೆಬಿಪಿಎಸ್ ಮಾಡಿ. ಗಂಟೆಗೆ ಸುಮಾರು 58 ಎಂಬಿ ಅಷ್ಟೇ. ಐಫೋನ್ ಆದ್ರೆ ಎಂಪಿ3 ಇಡೋದೇ ವಾಸಿ. ಹೀಗೆ ಚಿಕ್ಕದು ಮಾಡೋಕೆ ಲ್ಯಾಪ್‌ಟಾಪ್‌ನಲ್ಲಿ ಎಫ್‌ಎಫ್‌ಎಂಪೆಗ್ ಅನ್ನೋ ಸಾಫ್ಟ್‌ವೇರ್ ಇರಬೇಕು. ಮುಚ್ಚಳ ಮುಚ್ಚಿದ್ರೂ ಅದು ಮಲಗದ ಹಾಗೆ ಪವರ್ ಸೆಟ್ಟಿಂಗ್ ಬದಲಾಯಿಸಿಬಿಡಿ.