ಹದಿನಾಲ್ಕು ಜನ ಒಂದೇ ಮಾತು ಹೇಳಿರ್ಲಿಕ್ಕೆ ಸಾಧ್ಯ ಇಲ್ಲ

ನಮಸ್ಕಾರ. ಮೊಯ್ದೀನ್, ಕಾಂಚನಮಾಲಾ ಅನ್ನುವ ಬೇರೆ ಬೇರೆ ಧರ್ಮದ ಇಬ್ಬರ ಪ್ರೀತಿಯ ಕತೆ ಇರುವ ಮಲಯಾಳಂ ಸಿನಿಮಾ ‘ಎನ್ನು ನಿಂಟೆ ಮೊಯ್ದೀನ್’ ನೋಡಿದ ಉಡುಪಿ, ಮಂಗಳೂರು ಕಡೆಯ ಹದಿನಾಲ್ಕು ಜನರನ್ನು ಮಾತಾಡಿಸಿ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ನೇರ ಹೇಳ್ತೇನೆ, ಈಗ ಇರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕ್ಲಿಕ್ಕೆ ಆಗುದಿಲ್ಲ. ಆದ್ರೆ ಬೇಡ ಅಂತ ಒಂದು ಸಾಲು ಬರ್ದು ಮುಗಿಸ್ಲಿಕ್ಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಇದರ ಒಳಗೆ ನಿಜಕ್ಕೂ ಒಳ್ಳೆ ಬರಹ ಒಂದು ಉಂಟು, ಅದರ ಮೇಲೆ ನೀವೇ ಬೇರೆ ಎಂತೆಂತದ್ದೋ ಪೇರಿಸಿಟ್ಟಿದ್ದೀರಿ.

ಮೊದಲ ಎರಡು ಪ್ಯಾರಾ ಪೂರ್ತಿ ತೆಗೀರಿ. ಪ್ರೀತಿ ಅಮರ, ಪ್ರೀತಿಗೆ ಜಾತಿಧರ್ಮ ಇಲ್ಲ, ಲೈಲಾ ಮಜ್ನು, ಇದೆಲ್ಲ ದಾಟಿ ಬರುವಷ್ಟರಲ್ಲಿ ಓದುಗರು ಪುಟ ತಿರುಗಿಸಿ ಆಗಿರ್ತದೆ. ನಿಮ್ಮ ಲೇಖನ ಶುರು ಆಗುದು ಮೂರನೇ ಪ್ಯಾರಾದಲ್ಲಿ, ಮಣಿಪಾಲದ ಹಾಸ್ಟೆಲಲ್ಲಿ ಮಲಯಾಳಿ ಹುಡುಗಿಯರ ಜೊತೆ ಲ್ಯಾಪ್‌ಟಾಪಲ್ಲಿ ಸಿನಿಮಾ ನೋಡುವಾಗ ಕೊನೆಕೊನೆಗೆ ಯಾರೂ ಫೋನ್ ಮುಟ್ಲಿಲ್ಲ ಅಂತ ಬರ್ದಿದ್ದೀರಲ್ಲ, ಅಲ್ಲಿಂದ. ಅದು ನೀವು ಕಣ್ಣಾರೆ ಕಂಡದ್ದು.

ಈಗ ದೊಡ್ಡ ತಕರಾರಿಗೆ ಬರ್ತೇನೆ. ಹದಿನಾಲ್ಕು ಜನರ ಅಭಿಪ್ರಾಯ ಕೊಟ್ಟಿದ್ದೀರಿ, ಅದರಲ್ಲಿ ಹನ್ನೊಂದು ಜನ ಹೇಳಿದ್ದು ಒಂದೇ: ಸೂಪರ್ ಸಿನಿಮಾ, ಕಣ್ಣೀರು ಬಂತು, ಪೃಥ್ವಿರಾಜ್ ಪಾರ್ವತಿ ಆಕ್ಟಿಂಗ್ ಸಕತ್. ಅವರು ಹಾಗೆ ಹೇಳ್ಲಿಲ್ಲ ಅಂತ ಅಲ್ಲ, ಹೇಳಿರ್ತಾರೆ, ಸಿನಿಮಾ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರೆ ಎಲ್ಲರೂ ಮೊದಲು ಹೇಳುದು ಅದನ್ನೇ, ಅದು ಅಭಿಪ್ರಾಯ ಅಲ್ಲ ಮಾರಾಯ್ರೆ, ಬರೀ ಮರ್ಯಾದೆಗೆ ಹೇಳುವ ಉತ್ತರ. ನಿಮ್ಮ ಕೆಲಸ ಶುರು ಆಗುದೇ ಅದರ ನಂತರ. ಎಲ್ಲಿ ಕಣ್ಣೀರು ಬಂತು, ದೋಣಿ ಮಗುಚುವಲ್ಲಿಯಾ, ಅಪ್ಪ ಮಗನಿಗೆ ಇರಿಯುವಲ್ಲಿಯಾ, ಅವಳನ್ನು ಮನೆಯೊಳಗೆ ಕೂಡಿ ಹಾಕಿದ ವರ್ಷಗಳಲ್ಲಿಯಾ? ಎಲ್ಲಿ ಬೋರ್ ಆಯ್ತು? ಯಾರ ಮೇಲೆ ಸಿಟ್ಟು ಬಂತು? ಎರಡನೇ ಪ್ರಶ್ನೆ ಕೇಳಿ ಸ್ವಲ್ಪ ಸುಮ್ಮನೆ ಕೂತ್ರೆ ಜನ ತಾವೇ ಮಾತಾಡ್ತಾರೆ. ಮತ್ತೆ ಸ್ಟೇಟ್‌ಬ್ಯಾಂಕ್ ಹತ್ತಿರದ ರಿಕ್ಷಾದವರ ಬಾಯಲ್ಲಿ ‘ಚಿತ್ರವು ಮನಮುಟ್ಟುವಂತೆ ಮೂಡಿಬಂದಿದೆ’ ಅಂತ ಹಾಕಿದ್ದೀರಿ. ಯಾವ ರಿಕ್ಷಾದವರು ಹಾಗೆ ಮಾತಾಡ್ತಾರೆ ಹೇಳಿ. ಅವರು ಹೇಗೆ ಹೇಳಿದ್ರೋ ಹಾಗೇ ಬರೀರಿ, ವ್ಯಾಕರಣ ತಿದ್ದುದು ನನಗೆ ಬಿಡಿ, ನಾನೂ ತಿದ್ದುದಿಲ್ಲ.

ಸಂಗತಿಗಳಲ್ಲಿ ತಪ್ಪುಂಟು. ಮೊಯ್ದೀನ್ ಸಮುದ್ರದಲ್ಲಿ ಮುಳುಗಿ ತೀರಿಕೊಂಡ್ರು ಅಂತ ಬರ್ದಿದ್ದೀರಿ, ಅದು ಸಮುದ್ರ ಅಲ್ಲ, ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂ ಊರಿನ ಇರುವಂಜಿ ಹೊಳೆ, 1982ರ ಜುಲೈ, ಮಳೆಗಾಲ, ದೋಣಿ ಮಗುಚಿದಾಗ ಬೇರೆಯವರನ್ನು ಉಳಿಸ್ಲಿಕ್ಕೆ ಹೋಗಿ ಅವರು ಹೋದದ್ದು. ಓಡಿಹೋಗಿ ಮದುವೆ ಆದ್ರು ಅಂತಲೂ ಒಂದು ಕಡೆ ಬಂದಿದೆ. ಇಲ್ಲ, ಮದುವೆ ಆಗ್ಲೇ ಇಲ್ಲ, ಕತೆ ಇರುವುದೇ ಅಲ್ಲಿ. ಹುಡುಗಿಯನ್ನು ವರ್ಷಗಟ್ಟಲೆ ಮನೆಯಿಂದ ಹೊರಗೆ ಬಿಡ್ಲಿಲ್ಲ, ಇಬ್ಬರೂ ಬೇರೆ ಯಾರಿಗೂ ಓದ್ಲಿಕ್ಕೆ ಆಗದ ಗುಪ್ತ ಲಿಪಿ ಮಾಡಿಕೊಂಡು ಪತ್ರ ಬರ್ಕೊಂಡು ಕಾದ್ರು. ಮೊಯ್ದೀನ್ ತೀರಿಕೊಂಡ ಮೇಲೆ ಕಾಂಚನಮಾಲಾ ಬೇರೆ ಮದುವೆ ಆಗದೆ, ಅವರ ಹೆಸರಲ್ಲೇ ಮುಕ್ಕಂನಲ್ಲಿ ಸೇವಾಮಂದಿರ ನಡೆಸಿದ್ರು. ಇಷ್ಟನ್ನು ಐದು ಸಾಲಲ್ಲಿ ಲೇಖನದ ಮೇಲ್ಗಡೆಯೇ ಹೇಳಿಬಿಡಿ, ಸಿನಿಮಾ ನೋಡದವರೂ ಓದ್ತಾರೆ.

‘ಪೂರ್ತಿ ನಿಜ ಘಟನೆ’ ಅಂತ ಆರು ಕಡೆ ಬರ್ದಿದ್ದೀರಿ. ಈ ಮಾತನ್ನು ಸ್ವಲ್ಪ ಜೋಪಾನವಾಗಿ ಬಳಸ್ಬೇಕು. ನಿಮ್ಮ ಪ್ರೇಕ್ಷಕರೊಬ್ಬರು ‘ಚೆಲುವಿನ ಚಿತ್ತಾರ’ಕ್ಕೆ ಹೋಲಿಸಿದ್ದಾರಲ್ಲ, ಅದು 2004ರ ತಮಿಳು ‘ಕಾದಲ್’ನ ರಿಮೇಕ್, ಮೂಲ ನಿರ್ದೇಶಕರು ರೈಲಲ್ಲಿ ಸಿಕ್ಕಿದ ಒಬ್ಬರು ಹೇಳಿದ ಕತೆಯಿಂದ ಮಾಡಿದ್ದು, ನಿಜದ ಜನ ಯಾರು ಅಂತ ನೋಡುವವರಿಗೆ ಗೊತ್ತಿಲ್ಲ. ‘ಟೈಟಾನಿಕ್’ ತಗೊಳ್ಳಿ, 1912ರಲ್ಲಿ ಮುಳುಗಿದ ಹಡಗು ನಿಜ, ಜ್ಯಾಕ್ ಮತ್ತು ರೋಸ್ ಕಲ್ಪನೆ. ಆದ್ರೆ ಮೊಯ್ದೀನ್ ಸಿನಿಮಾದಲ್ಲಿ ಹೆಸರು, ಊರು, ಹೊಳೆ ಎಲ್ಲ ಇದ್ದದ್ದೇ, 2015ರಲ್ಲಿ ರಿಲೀಸ್ ಆದಾಗ ಕತೆಯ ನಾಯಕಿ ಅದೇ ಊರಲ್ಲಿ ಇದ್ರು. ನಿರ್ದೇಶಕ ಆರ್.ಎಸ್. ವಿಮಲ್ ಕಾಂಚನಮಾಲಾ ಬಗ್ಗೆ ಅದಕ್ಕಿಂತ ಮೊದಲೇ ಡಾಕ್ಯುಮೆಂಟರಿ ಮಾಡಿದವರು, ಹಾಗಿದ್ರೂ ಸಿನಿಮಾದಲ್ಲಿ ತೋರಿಸಿದ ರೀತಿಯ ಬಗ್ಗೆ ಅವರು ತಕರಾರು ಎತ್ತಿದ್ರು. ನಿಮ್ಮ ಲೇಖನದಲ್ಲಿ ಇದರ ಒಂದಕ್ಷರ ಇಲ್ಲ! ಯಾರ ಬದುಕು ಅದು ಅವರಿಗೇ ಒಪ್ಪಿಗೆ ಆಗದ್ದು ಉಂಟು ಅಂದ್ರೆ, ಉಳಿದ ಹದಿನಾಲ್ಕು ಜನರ ‘ನಿಜವಾಗಿ ಹೀಗೇ ಆಗಿದ್ದು’ ಅನ್ನುವ ಮಾತನ್ನು ಹಾಗೇ ಹಾಕ್ಲಿಕ್ಕೆ ಆಗ್ತದಾ? ಅವರನ್ನೇ ಕೇಳಿ, ಇದು ನಡೆದದ್ದು ಅಂತ ಗೊತ್ತಿಲ್ಲದಿದ್ರೆ ನಿಮಗೆ ಇಷ್ಟೇ ಇಷ್ಟ ಆಗ್ತಿತ್ತಾ ಅಂತ. ಒಬ್ಬೊಬ್ಬರ ಉತ್ತರ ಒಂದೊಂದು ಥರ ಬರ್ತದೆ, ಖಂಡಿತ.

ಇನ್ನೊಂದು ವಿಷಯ, ಇದರಲ್ಲಿ ನಾನು ಸ್ವಲ್ಪವೂ ರಾಜಿ ಆಗುದಿಲ್ಲ. ಒಬ್ಬ ಹುಡುಗಿ ತನ್ನ ಸ್ವಂತ ವಿಷಯ ಹೇಳಿಕೊಂಡಿದ್ದಾಳೆ, ಬೇರೆ ಧರ್ಮದ ಹುಡುಗನ ಜೊತೆ ಮಾತು ಬಿಟ್ಟದ್ದು, ಸಿನಿಮಾ ನೋಡಿ ರಾತ್ರಿ ಎಲ್ಲ ಅತ್ತದ್ದು. ನೀವು ಅವಳ ಹೆಸರು, ಕಾಲೇಜು, ಕ್ಲಾಸು ಎಲ್ಲ ಹಾಕಿದ್ದೀರಿ. ನಮ್ಮ ಊರಿನ ಸ್ಥಿತಿ ನಿಮಗೆ ನಾನು ಹೇಳ್ಬೇಕಾ? ಕ್ಲಾಸಿನ ಹುಡುಗ ಹುಡುಗಿ ಒಟ್ಟಿಗೆ ಜ್ಯೂಸ್ ಕುಡೀಲಿಕ್ಕೆ ಹೋದದ್ದಕ್ಕೆ ಅಡ್ಡ ಹಾಕಿ ಹೆಸರು ಕೇಳಿ ಹೊಡೆದದ್ದು ಇಲ್ಲಿ ಪೇಪರಿಗೆ ಎಷ್ಟು ಸಲ ಬಂದಿದೆ. ಅವಳು ನಿಮ್ಮನ್ನು ನಂಬಿ ಹೇಳಿದ್ದು. ಹೆಸರು ತೆಗೆದ್ರೆ ಸಾಲುದಿಲ್ಲ, ಗುರುತು ಸಿಗುವ ಯಾವುದೂ ಇರ್ಬಾರ್ದು, ಮತ್ತೆ ಹಾಕ್ಬಹುದಾ ಅಂತ ಅವಳನ್ನು ಇನ್ನೊಮ್ಮೆ ಕೇಳಿ, ಬೇಡ ಅಂದ್ರೆ ಆ ಭಾಗವೇ ಬೇಡ. ಅದೇ ರೀತಿ ಕಾಪುವಿನ ಒಬ್ಬರು ‘ಅದು ಕೇರಳ, ಅದೂ ಆ ಕಾಲ, ನಮ್ಮಲ್ಲಿ ಈಗ ಆದ್ರೆ ಏನಾಗ್ತಿತ್ತೋ’ ಅಂದದ್ದನ್ನು ಬ್ರ್ಯಾಕೆಟ್ಟಲ್ಲಿ ಹಾಕಿ ಮುಂದೆ ಹೋಗಿದ್ದೀರಿ. ಯಾಕೆ ಹೆದರಿಕೆ? ಆ ಮಾತನ್ನು ಬ್ರ್ಯಾಕೆಟಿಂದ ಹೊರಗೆ ತನ್ನಿ. 1960ರ ದಶಕದ ಮುಕ್ಕಂನಲ್ಲೂ ಎಲ್ಲ ಸುಲಭ ಇರ್ಲಿಲ್ಲ, ಅಪ್ಪನೇ ಮಗನಿಗೆ ಚೂರಿ ಹಾಕಿದ ಕತೆ ಅದು. ಆದ್ರೂ ಇಲ್ಲಿಯವರಿಗೆ ಆ ಕಾಲ ಸ್ವಲ್ಪ ಒಳ್ಳೆದಿತ್ತು ಅಂತ ಕಾಣ್ತದೆ ಅಂದ್ರೆ ಅದನ್ನು ನೀವು ಬಿಡಿಸಿ ಬರೀಬೇಕು, ಯಾರನ್ನೂ ಬೈಯದೆ, ಭಾಷಣ ಮಾಡದೆ.

ಒಳ್ಳೆ ಬರಹ ಒಳಗುಂಟು ಅಂದೆನಲ್ಲ, ಅದು ಆರನೇ ಪುಟದಲ್ಲಿ. ಉಳ್ಳಾಲದಲ್ಲಿ ಬೀಡಿ ಕಟ್ಟುವ ಬ್ಯಾರಿ ಅಜ್ಜಿ, ಮಗಳ ಮೊಬೈಲಲ್ಲಿ ಮೂರು ದಿನ ಸ್ವಲ್ಪ ಸ್ವಲ್ಪ ನೋಡಿದವರು, ‘ನನಗೆ ಆ ಹುಡುಗ ಹುಡುಗಿಗಿಂತ ಆ ಉಮ್ಮನನ್ನು ನೋಡಿ ಸಂಕಟ ಆಯ್ತು’ ಅಂದ್ರಂತೆ. ಅಷ್ಟೇ, ಒಂದು ಸಾಲು, ಆಮೇಲೆ ನೀವು ಸೀದಾ ಸಂಗೀತಕ್ಕೆ ಹೋದ್ರಿ! ಯೋಚನೆ ಮಾಡಿ, ಆ ಉಮ್ಮ, ಅಂದ್ರೆ ಮೊಯ್ದೀನ್ ಅವರ ತಾಯಿ, ಗಂಡನನ್ನು ಎದುರು ಹಾಕಿಕೊಂಡು ಮಗನ ಕಡೆ ನಿಂತವರು, ಮಗ ಹೋದ ಮೇಲೆ ಕಾಂಚನಮಾಲಾರನ್ನು ಸೊಸೆಯ ಹಾಗೆ ತನ್ನ ಮನೆಗೆ ಕರ್ಕೊಂಡು ಬಂದವರು. ಸಿನಿಮಾದಲ್ಲಿ ಲೆನಾ ಮಾಡಿದ ಆ ಪಾತ್ರದ ಬಗ್ಗೆ ಹದಿಮೂರು ಜನ ಬಾಯಿ ಬಿಡ್ಲಿಲ್ಲ, ಕೆಲವರು ಟೊವಿನೋ ಮಾಡಿದ ಅಪ್ಪು ಅನ್ನುವ ಪಾತ್ರದ ಬಗ್ಗೆ ‘ಪಾಪ’ ಅಂದ್ರು, ಅಜ್ಜಿ ಒಬ್ಬರೇ ತಾಯಿಯನ್ನು ನೋಡಿದ್ದು. ಯಾಕೆ? ನನಗೆ ಗೊತ್ತಾಗ್ಬೇಕು. ಇನ್ನೊಮ್ಮೆ ಉಳ್ಳಾಲಕ್ಕೆ ಹೋಗಿ. ಪ್ರಶ್ನೆಪಟ್ಟಿ ತಗೊಂಡು ಹೋಗ್ಬೇಡಿ, ಅವರು ಎಲೆ ಕತ್ತರಿಸ್ತಾ ಇರ್ಲಿ, ನೀವು ಹತ್ತಿರ ಕೂತುಕೊಳ್ಳಿ, ಆ ಉಮ್ಮನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ ಅಂತ ಒಂದೇ ಪ್ರಶ್ನೆ ಕೇಳಿ. ಮತ್ತೆ ಮೂರು ದಿನ ತುಂಡು ತುಂಡು ನೋಡಿದ್ರು ಅಂತ ಬರ್ದಿದ್ದೀರಿ, ಎಲ್ಲೆಲ್ಲಿ ನಿಲ್ಲಿಸಿದ್ರು ಅಂತಲೂ ಕೇಳಿ. ಅಜ್ಜಿಯ ಮಾತು ಲೇಖನದ ಅರ್ಧ ಆದ್ರೂ ಅಡ್ಡಿ ಇಲ್ಲ.

ಸಿನಿಮಾ ಇಷ್ಟ ಆಗದ ಒಬ್ಬ ಹುಡುಗ ಇದ್ದಾನೆ, ಇಷ್ಟು ಉದ್ದ ಯಾಕೆ, ಎಲ್ಲದಕ್ಕೂ ಮಳೆ ಯಾಕೆ ಅಂತ ಕೇಳಿದವ. ಅವನಿಗೆ ‘ಪ್ರೀತಿಯ ಆಳ ಅರ್ಥ ಆಗಿಲ್ಲ’ ಅಂತ ನೀವೇ ತೀರ್ಪು ಕೊಟ್ಟದ್ದು ಸರಿ ಅಲ್ಲ. ಎರಡೂವರೆ ಗಂಟೆಗಿಂತ ಹೆಚ್ಚು ಓಡುವ ಸಿನಿಮಾ, ಆ ಪ್ರಶ್ನೆ ನ್ಯಾಯದ್ದೇ. ಅವನ ಮಾತು ಪೂರ್ತಿ ಹಾಕಿ, ಒಪ್ಪುದಿಲ್ಲ ಅಂತಾದ್ರೆ ಯಾವ ದೃಶ್ಯಕ್ಕೆ ಆ ಮಳೆ ಬೇಕಿತ್ತು ಅಂತ ತೋರಿಸಿ ವಾದ ಮಾಡಿ. ಹಾಡಿನ ಪ್ಯಾರಾ ಸಾಕಷ್ಟು ಚೆನ್ನಾಗುಂಟು, ‘ಕಾತ್ತಿರುನ್ನು’ ಹಾಡಿಗೆ ಎಂ. ಜಯಚಂದ್ರನ್‌ಗೆ ನ್ಯಾಷನಲ್ ಅವಾರ್ಡ್ ಬಂದದ್ದು ಒಂದು ಸಾಲು ಸೇರಿಸಿ ಸಾಕು.

ಕೊನೆಯ ಪ್ಯಾರಾದ ಸ್ಟಾರ್ ರೇಟಿಂಗ್ ಬೇಡ. ಹದಿನಾಲ್ಕು ಜನರೂ ಬೇಡ, ಐದು ಜನ ಸಾಕು: ಅಜ್ಜಿ, ಮಳೆ ಬೇಡ ಅಂದ ಹುಡುಗ, ಕಾಪುವಿನವರು, ರಿಕ್ಷಾದವರು, ಒಪ್ಪಿದ್ರೆ ಆ ಹುಡುಗಿ. ಎರಡು ಸಾವಿರ ಪದ ಇರುದನ್ನು ಸಾವಿರದಿನ್ನೂರಕ್ಕೆ ಇಳಿಸಿ ಮುಂದಿನ ತಿಂಗಳ ಹದಿನೈದರ ಒಳಗೆ ಕಳಿಸಿ, ಒಂದು ಪುಟ ನಿಮಗೆ ಅಂತ ಬಿಟ್ಟಿರ್ತೇನೆ. ಅಜ್ಜಿಯ ಫೋಟೋ ತೆಗೆಯುದಾದ್ರೆ ಮನೆಯವರ ಒಪ್ಪಿಗೆ ತಗೊಳ್ಳಿ, ಬೇಡ ಅಂದ್ರೆ ಫೋಟೋ ಇಲ್ಲದೆಯೇ ಹಾಕುವ.