ಅಗಲಿದವರ ನೆನಪಿಗಾಗಿ ನಿಧಾನವಾಗಿ ಬದುಕಬೇಕು ಅಂದುಕೊಂಡೆ, ಆಗುತ್ತಿಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹತ್ತಿರದ ಗೆಳೆಯ ಅಪಘಾತದಲ್ಲಿ ತೀರಿಕೊಂಡ. ಇನ್ನು ಮುಂದೆ ಪ್ರತಿ ಕ್ಷಣವನ್ನೂ ಅವನ ಪರವಾಗಿ ಸವಿಯುತ್ತೇನೆ ಅಂದುಕೊಂಡಿರಿ. ಒಂದೆರಡು ತಿಂಗಳಲ್ಲೇ ಮತ್ತೆ ಅದೇ ಗಡಿಬಿಡಿ, ಅದೇ ಮೊಬೈಲು. ಅವನಿಗೆ ಮೋಸ ಮಾಡಿದ ಹಾಗಾಗಿದೆ. ಅವನ ಅಮ್ಮನ ಹತ್ತಿರ ಇದನ್ನೆಲ್ಲ ಮಾತಾಡಬಹುದೇ ಎಂದೂ ಕೇಳಿದ್ದೀರಿ.

ಮೊದಲು ಆ ‘ಪ್ರತಿ ಕ್ಷಣ’ವನ್ನು ಬಿಟ್ಟುಬಿಡಿ. ಯಾರಿಂದಲೂ ತೀರಿಸಲಾಗದ ಹರಕೆ ಅದು. ದಿನಾ ಕಾಣುವುದನ್ನು, ದಿನಾ ಕೇಳುವುದನ್ನು ಮಿದುಳು ಕ್ರಮೇಣ ಲೆಕ್ಕಕ್ಕಿಡುವುದಿಲ್ಲ. ತಿರುಗುವ ಫ್ಯಾನಿನ ಸದ್ದು ಸ್ವಲ್ಪ ಹೊತ್ತಿಗೆ ಕೇಳಿಸದಂತಾಗುವುದು ಇದರಿಂದಲೇ. ಕಂಡದ್ದೆಲ್ಲ ಹೊಸದಾಗಿ ಕಾಣುವಂತಿದ್ದರೆ ನಾವು ರಸ್ತೆ ದಾಟುವುದೂ ಕಷ್ಟವಾಗುತ್ತಿತ್ತು. ನೀವು ಗಡಿಬಿಡಿಗೆ ಮರಳಿದ್ದರಲ್ಲಿ ಮೋಸವೇನೂ ಇಲ್ಲ. ದುಃಖದ ಬಗ್ಗೆ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಮುಂದಿಟ್ಟ ವಿವರಣೆಯೂ ಇದಕ್ಕೆ ಹೊಂದುತ್ತದೆ: ಕಳೆದುಕೊಂಡವರು ಒಮ್ಮೆ ನೋವಿನ ಕಡೆ, ಒಮ್ಮೆ ಬದುಕಿನ ಕೆಲಸಗಳ ಕಡೆ ಹೋಗಿಬಂದು ಮಾಡುತ್ತಲೇ ಇರುತ್ತಾರೆ, ಆ ಓಡಾಟದಲ್ಲೇ ಅವರು ನಷ್ಟಕ್ಕೆ ಹೊಂದಿಕೊಳ್ಳುವುದು. ಕೆಲಸದಲ್ಲಿ ಮುಳುಗಿ ಅರ್ಧ ದಿನ ಅವನನ್ನು ಮರೆತಿದ್ದರೆ ಅದೂ ಇದರ ಭಾಗವೇ.

ಮೌನಾಚರಣೆಯನ್ನೇ ನೋಡಿ. ಮೊದಲ ಮಹಾಯುದ್ಧ ನಿಂತು ಸರಿಯಾಗಿ ವರ್ಷ ತುಂಬಿದ 1919ರ ನವೆಂಬರ್ 11ರಂದು ಬೆಳಿಗ್ಗೆ 11ಕ್ಕೆ, ಸಾಮ್ರಾಜ್ಯದ ಉದ್ದಗಲಕ್ಕೂ ಎರಡು ನಿಮಿಷ ಎಲ್ಲ ಕೆಲಸ, ಎಲ್ಲ ಓಡಾಟ ನಿಲ್ಲಲಿ ಎಂದು ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಕೇಳಿಕೊಂಡ. ಅದರ ಹಿಂದಿನ ವರ್ಷ ಕೇಪ್‌ಟೌನಿನಲ್ಲಿ ಮಧ್ಯಾಹ್ನದ ತೋಪು ಹಾರಿದೊಡನೆ ದಿನವೂ ಹೀಗೆ ನಿಲ್ಲುತ್ತಿದ್ದರು. ಇದನ್ನು ಎಲ್ಲೆಡೆ ಆಚರಿಸೋಣ ಎಂದು ಸೂಚಿಸಿದ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಯುದ್ಧದಲ್ಲಿ ಮಗನನ್ನು ಕಳೆದುಕೊಂಡಿದ್ದವನು. ಮಗ ಸತ್ತ ಅಪ್ಪ ಕೇಳಿದ್ದು ನಿಮಿಷಗಳ ಲೆಕ್ಕದಲ್ಲಿ! ಅದಕ್ಕೇ ಅದು ನಡೆಯಿತು, ಇಂದಿಗೂ ನಡೆಯುತ್ತಿದೆ. ‘ಇಡೀ ದಿನ ನಿಲ್ಲಿ’ ಅಂದಿದ್ದರೆ ಒಂದು ವರ್ಷವೂ ಬಾಳುತ್ತಿರಲಿಲ್ಲವೇನೋ. ನಿಧಾನಕ್ಕೂ ಒಂದು ಬೇಲಿ ಬೇಕು.

ಆ ಬೇಲಿಯೊಳಗೆ ಏನಿಡಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸಾವಿನ ಭಯಕ್ಕೆ ನಿಧಾನವಾದರೆ ಅದು ಹೆಚ್ಚು ದಿನ ಉಳಿಯುವುದಿಲ್ಲ. ‘ನಾಳೆ ಇರುತ್ತೇವೋ ಇಲ್ಲವೋ’ ಅನ್ನುವ ಮಾತು ಮೂರನೇ ವಾರಕ್ಕೆ ಸಪ್ಪೆ. ಅವನು ಬದುಕಿದ್ದಾಗ ಯಾವುದರಲ್ಲಿ ನಿಧಾನವಾಗಿದ್ದ ಅಂತ ನೆನಪು ಮಾಡಿಕೊಳ್ಳಿ. ಎಂಥ ಅವಸರದ ಮನುಷ್ಯನೂ ಯಾವುದೋ ಒಂದು ಕೆಲಸದಲ್ಲಿ ತಾಳ್ಮೆಯವನಾಗಿರುತ್ತಾನೆ.

ನನ್ನಕ್ಕ ಬಟ್ಟೆ ಒಣಹಾಕುವುದನ್ನು ನೀವು ನೋಡಬೇಕಿತ್ತು. ಅಂಗಿಯನ್ನು ತಲೆಕೆಳಗಾಗಿ ಹಿಡಿದು ಎರಡು ಸಲ ಜೋರಾಗಿ ಕೊಡವಿ, ಜೇಬಿನ ಒಳಭಾಗ ಹೊರಗೆಳೆದು, ಕಾಲರಿನ ಸುಕ್ಕನ್ನು ಹೆಬ್ಬೆರಳಲ್ಲಿ ತೀಡುತ್ತಿದ್ದಳು. ಗುರುತು ಬೀಳದಿರಲಿ ಅಂತ ಕ್ಲಿಪ್ಪು ಹೊಲಿಗೆಯ ಮೇಲೆ ಮಾತ್ರ. ಬಕೆಟ್ ಖಾಲಿಯಾದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಇಡೀ ಸಾಲನ್ನು ನೋಡುತ್ತಿದ್ದಳು, ಏನೋ ಪ್ರದರ್ಶನಕ್ಕಿಟ್ಟವಳ ಹಾಗೆ. ಅವಳು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಅವಳ ಹಾಗೇ ಮಾಡುತ್ತೇನೆ, ಕೊಡವುವುದರಿಂದ ಹಿಡಿದು ಹಿಂದೆ ಸರಿಯುವವರೆಗೆ. ಫೋನ್ ಒಳಗಿರುತ್ತದೆ. ಆ ಹೊತ್ತಲ್ಲಿ ಯಾವ ಅಂಗಿಯ ಮೊಣಕೈ ತೆಳುವಾಗಿದೆ, ಗಾಳಿ ಇವತ್ತು ಎತ್ತಲಿಂದ ಬೀಸುತ್ತಿದೆ ಅನ್ನುವುದೆಲ್ಲ ನನಗೆ ಗೊತ್ತಾಗುತ್ತದೆ. ಅವಳಿಗೆ ಇದೆಲ್ಲ ದಿನಾ ಗೊತ್ತಿತ್ತು ಅನ್ನುವುದೂ. ಮುಗಿದ ಕೂಡಲೇ ನಾನು ಮತ್ತೆ ಎರಡೆರಡು ಮೆಟ್ಟಿಲು ಹಾರಿ ಓಡುವವನೇ. ಇರಲಿ.

ನಿಮ್ಮ ಗೆಳೆಯನದೂ ಇಂಥದ್ದೇನಾದರೂ ಇದ್ದೇ ಇರುತ್ತದೆ. ಶೂ ಪಾಲಿಶ್ ಆಗಬಹುದು, ಗಿಡಕ್ಕೆ ನೀರು ಹಾಕುವುದಾಗಬಹುದು. ಒಂದೇ ಒಂದನ್ನು ಆರಿಸಿಕೊಳ್ಳಿ. ಮಾಡುವಾಗ ಖುಷಿಯಾಗಲೇಬೇಕು ಅಂತ ಮಾತ್ರ ಹಟ ಹಿಡಿಯಬೇಡಿ. ‘ಅವನಿಗೆ ಸಿಗದ ದಿನ ನಿನಗೆ ಸಿಕ್ಕಿದೆ, ಸಂತೋಷಪಡು’ ಅಂತ ತನ್ನನ್ನೇ ಗದರಿಸಿಕೊಳ್ಳುವವರನ್ನು ಕಂಡಿದ್ದೇನೆ. ಪಾಪ, ಅವರಿಗೆ ಅಳುವುದಕ್ಕೂ ರಜೆಯಿಲ್ಲ. ಬೇಸರದ ದಿನ ಬೇಸರದಲ್ಲೇ ಮಾಡಿ, ನಡೆಯುತ್ತದೆ.

ಇನ್ನೊಂದು ಮಾತು, ಇದು ನಿಮಗೆ ಅನ್ವಯಿಸದಿರಬಹುದು. ತಿಂಗಳುಗಳು ಕಳೆದರೂ ಏಳಲು, ಕೆಲಸಕ್ಕೆ ಹೋಗಲು, ನಿದ್ದೆ ಮಾಡಲು ಆಗದಷ್ಟು ದುಃಖ ಹಿಡಿದಿದ್ದರೆ ಈ ಉಪಾಯಗಳು ಸಾಲವು. ಆರು ತಿಂಗಳು ದಾಟಿಯೂ ಬಿಡದೆ ದಿನಚರಿಯನ್ನೇ ಕೆಡಿಸುವ ತೀವ್ರ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಅಷ್ಟು ದಿನ ಕಾಯಲೇಬೇಕು ಅಂತಿಲ್ಲ. ಮೊದಲೇ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಬಹುದು.

ಅಮ್ಮನ ವಿಷಯ. ಖಂಡಿತ ಮಾತಾಡಿ. ‘ಧೈರ್ಯ ತಂದುಕೊಳ್ಳಿ’ ಅನ್ನುವವರು ಅವರಿಗೆ ಬೇಕಾದಷ್ಟು ಜನ ಸಿಕ್ಕಿರುತ್ತಾರೆ. ನೀವು ಅವನ ಒಂದು ಸಣ್ಣ ಅಭ್ಯಾಸವನ್ನು ಹೇಳಿ, ಮನೆಯವರು ನೋಡಿರದಂಥದ್ದಾದರೆ ಇನ್ನೂ ಒಳ್ಳೆಯದು. ಹೆಸರು ಹಿಡಿದೇ ಮಾತಾಡಿ, ತಪ್ಪಿಸಬೇಡಿ. ಅವರು ಅತ್ತರೆ ಗಾಬರಿಯಾಗಿ ಫೋನಿಡಬೇಡಿ. ಅವರಿಗೂ ಹೇಳುವುದಿರುತ್ತದೆ, ಸ್ವಲ್ಪ ಹೊತ್ತು ಬೇಕಾಗುತ್ತದೆ. ಸಂಜೆ ಪುರುಸೊತ್ತಿರುವಾಗಲೇ ಮಾಡಿ.