ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುಸ್ವಾರ್: ಮನೆಯಲ್ಲೇ ಮಾಡುವುದೋ, ಬೇಕರಿಯಿಂದ ತರುವುದೋ?

ನಾಲ್ಕೂವರೆ ವರ್ಷದ ಮಗ, ಹತ್ತು ತಿಂಗಳ ಮಗಳು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಬೆಂಗಳೂರಿನ ಬಾಡಿಗೆ ಮನೆ, ಈ ಸಲ ಮಂಗಳೂರಿನಿಂದ ಅಮ್ಮ ಬರುವುದಿಲ್ಲ. ಈ ಕ್ರಿಸ್‌ಮಸ್‌ಗೆ ಕುಸ್ವಾರ್ ಮನೆಯಲ್ಲೇ ಮಾಡುವುದೋ ಬೇಕರಿಯಿಂದ ತರುವುದೋ ಅಂತ ಕೇಳಿ ನೀವು ಬರೆದದ್ದು ನಮ್ಮ ಮನೆಯದೇ ಕಳೆದ ವರ್ಷದ ಕಥೆ. ನಮ್ಮಲ್ಲಿ ದೊಡ್ಡವಳು ಮಗಳು, ಚಿಕ್ಕವನು ಮಗ, ಅಷ್ಟೇ ವ್ಯತ್ಯಾಸ.

ಮಾಡುವುದೋ ತರುವುದೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕುಸ್ವಾರ್ ಅಂದರೆ ಒಂದು ತಿಂಡಿಯಲ್ಲ, ಮಂಗಳೂರಿನ ಕ್ರೈಸ್ತರ ಮನೆಗಳ ಕ್ರಿಸ್‌ಮಸ್ ತಿಂಡಿಗಳಿಗೆಲ್ಲ ಸೇರಿ ಇರುವ ಹೆಸರು. ಕಿಡಿಯೊ (ಬಾಚಣಿಗೆಯ ಮೇಲೆ ಸುತ್ತಿ ಕರಿದ ಹಿಟ್ಟಿನ ಸುರುಳಿ), ನೆವ್ರಿ (ಹೂರಣದ ಕರಿಗಡುಬು), ಕೊಕ್ಕಿಸ (ಅಚ್ಚಿನಲ್ಲಿ ಅದ್ದಿ ಕರಿದ ಹೂವಿನಾಕಾರದ ತಿಂಡಿ), ಗುಳಿಯೊ, ತುಕ್ಡಿ, ಚಕ್ಕುಲಿ, ಎಳ್ಳುಂಡೆ, ಕೇಕು ಎಲ್ಲ ಸೇರಿದ್ದು. ಇವುಗಳಲ್ಲಿ ನಾಲ್ಕೂವರೆ ವರ್ಷದ ಮಗು ನಿಜವಾಗಿಯೂ ಕೈ ಹಾಕಬಹುದಾದದ್ದು ಕಿಡಿಯೊ ಒಂದೇ. ಅದನ್ನು ಮನೆಯಲ್ಲಿ ಮಾಡಿ, ಉಳಿದದ್ದನ್ನೆಲ್ಲ ಹೇಳಿ ತರಿಸಿ. ಕೊಕ್ಕಿಸದ ಅಚ್ಚು ಎಣ್ಣೆಯಲ್ಲಿ ಕಾದಿರಬೇಕು, ಕಾಯದಿದ್ದರೆ ಹಿಟ್ಟು ಅದಕ್ಕೆ ಹಿಡಿಯುವುದೇ ಇಲ್ಲ. ಹಿಟ್ಟಿನಲ್ಲಿ ಅಚ್ಚನ್ನು ಪೂರ್ತಿ ಮುಳುಗಿಸಿದರೆ ಹೂವು ಕಳಚಿ ಬರುವುದಿಲ್ಲ, ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಂದರೆ ಕಾದ ಕಬ್ಬಿಣ ಒಲೆಯಿಂದ ಪಾತ್ರೆಗೆ, ಪಾತ್ರೆಯಿಂದ ಒಲೆಗೆ ಓಡಾಡುತ್ತಲೇ ಇರುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಗೆ ಅದು ಬೇಡ. ನೆವ್ರಿಯ ಅಂಚಿನಲ್ಲಿ ಒಂದು ಎಳ್ಳು ಸಿಕ್ಕಿಕೊಂಡರೂ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ, ಹೂರಣ ಹೊರಬಂದು ಎಣ್ಣೆಯೆಲ್ಲ ಕಪ್ಪಾಗುತ್ತದೆ. ಅದೂ ಬೇಡ.

ಮಗುವಿನ ಕೈಗೆ ಎಷ್ಟು ಕೆಲಸ ಕೊಡಬಹುದು ಅನ್ನುವುದನ್ನು ಡಿಸೆಂಬರ್‌ನಲ್ಲಿ ಕೂತು ಯೋಚಿಸಬೇಕಾಗಿಲ್ಲ, ವರ್ಷವಿಡೀ ಅದು ಕಾಣುತ್ತಲೇ ಇರುತ್ತದೆ. ನಮ್ಮ ಚಿಕ್ಕವನು ಫೆಬ್ರವರಿಯಲ್ಲಿ ಹುಟ್ಟಿದ. ಮೇ ರಜೆಗೆ ಊರಿಗೆ ಹೋದಾಗ ಕುತ್ತಿಗೆ ನಿಂತಿತ್ತು, ಮೊಂತಿ ಹಬ್ಬದ (ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ನಮಗೆ ತೆನೆ ಹಬ್ಬವೂ ಹೌದು) ಹೊತ್ತಿಗೆ ಕೂರಿಸಿದರೆ ಕೂರುತ್ತಿದ್ದ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ದಿನಾ ಮರಿಯಮ್ಮನಿಗೆ ಹೂವು ಹಾಕುತ್ತಾರೆ. ದೊಡ್ಡವಳು ಹೂವಿನ ತಟ್ಟೆ ಹಿಡಿದು ಸಾಲಿನಲ್ಲಿ ಕಾಲು ಗಂಟೆ ನಿಲ್ಲುತ್ತಿದ್ದಳು, ಅದರ ಮೇಲೆ ಒಂದು ನಿಮಿಷ ಹೆಚ್ಚಾದರೂ ಇಲ್ಲ. ಸೆಪ್ಟೆಂಬರ್ 8ಕ್ಕೆ ಆಶೀರ್ವಾದದ ತೆನೆ ಮನೆಗೆ ಬಂದ ಮೇಲೆ ಹಾಲಿಗೆ ಹಾಕುವ ಹೊಸ ಭತ್ತದ ಸಿಪ್ಪೆಯನ್ನು ಒಂದೊಂದೇ ಕಾಳಿನಿಂದ ಉಗುರಲ್ಲಿ ಸುಲಿದವಳು ಅವಳೇ. ಕಾಳು ಮುರಿಯಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ಅಷ್ಟು ಹಿಡಿತ ಬಂದಿದ್ದರೆ ಬಾಚಣಿಗೆಯ ಮೇಲೆ ಕಿಡಿಯೊ ಸುತ್ತಲು ಬರುತ್ತದೆ. ನಿಮ್ಮ ಮಗ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದರೆ ಸಾಕು, ಅವನಿಗೂ ಬರುತ್ತದೆ. ಆದರೆ ಒಂದು ಸಲಕ್ಕೆ ಕಾಲು ಗಂಟೆ ಮಾತ್ರ.

ಈಗ ಅಳತೆ. ಅರ್ಧ ಕಿಲೋ ಮೈದಾ ಸಾಕು. ಊರಿನ ಲೆಕ್ಕದಲ್ಲಿ ಎರಡು ಮೂರು ಕಿಲೋ ಕಲಸಬೇಡಿ, ಅದು ಹತ್ತು ಕೈ ಇರುವ ಮನೆಯ ಲೆಕ್ಕ. ಮೈದಾಕ್ಕೆ ಅರ್ಧ ಚಮಚ ಉಪ್ಪು, 80 ಗ್ರಾಂ ಪುಡಿ ಸಕ್ಕರೆ ಸೇರಿಸಿ, ಎರಡು ದೊಡ್ಡ ಚಮಚ ತುಪ್ಪ ಬಿಸಿ ಮಾಡಿ ಹಾಕಿ, ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವ ತನಕ ಉಜ್ಜಿ. ಆಮೇಲೆ ದಪ್ಪ ತೆಂಗಿನಹಾಲು, ಸುಮಾರು 200 ಮಿಲಿ. ಅಂಗಡಿಯಲ್ಲಿ ಸಿಗುವ 200 ಮಿಲಿಯ ಒಂದು ಪ್ಯಾಕೆಟ್ ಸರಿಹೋಗುತ್ತದೆ, ಮಕ್ಕಳನ್ನು ಇಟ್ಟುಕೊಂಡು ಕಾಯಿ ತುರಿದು ಹಿಂಡುವ ಅಗತ್ಯವಿಲ್ಲ. ಒಂದೇ ಸಲಕ್ಕೆ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾದಾಗ ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಮೆತ್ತಗಾದ ಹಿಟ್ಟಿನಲ್ಲಿ ಬಾಚಣಿಗೆಯ ಗೆರೆ ನಿಲ್ಲುವುದಿಲ್ಲ.

ಹೊಸ ಬಾಚಣಿಗೆಯೊಂದನ್ನು ಇದಕ್ಕೆಂದೇ ತನ್ನಿ. ಅಗಲ ಹಲ್ಲಿನದಾದರೆ ಮಕ್ಕಳಿಗೆ ಸುಲಭ. ಬಿಸಿನೀರಲ್ಲಿ ತೊಳೆದು ಒರೆಸಿ ಎಣ್ಣೆ ಸವರಿ. ಚಿಕ್ಕ ಗೋಲಿಯಷ್ಟು ಹಿಟ್ಟನ್ನು ಹಲ್ಲಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ, ಹಾಗೇ ತನ್ನ ಕಡೆ ಎಳೆದರೆ ಸುರುಳಿಯಾಗುತ್ತದೆ. ಉಂಡೆ ಕಟ್ಟುವ ಕೆಲಸ ನಿಮ್ಮದೇ ಇರಲಿ, ಸುತ್ತುವುದು ಮಾತ್ರ ಮಗುವಿನದು. ಯಾಕೆ ಅಂತ ಮುಂದೆ ಹೇಳುತ್ತೇನೆ, ನಮ್ಮ ಕೆಲಸ ಕೆಟ್ಟದ್ದು ಅಲ್ಲೇ.

ನಾವು ಉಂಡೆ ಕಟ್ಟುವುದನ್ನೂ ಮಗಳಿಗೇ ಬಿಟ್ಟೆವು. ಒಂದು ಕಡಲೆಕಾಳಿನಷ್ಟು, ಇನ್ನೊಂದು ಅಡಿಕೆಯಷ್ಟು. ನೋಡಲು ಚೆಂದವಿತ್ತು. ಎಲ್ಲವನ್ನೂ ಒಟ್ಟಿಗೇ ಎಣ್ಣೆಗೆ ಬಿಟ್ಟೆ. ಐದು ನಿಮಿಷಕ್ಕೆ ಸಣ್ಣವು ಕೆಂಪಗಾದವು, ಅವು ಕರಟಿ ಹೋಗುತ್ತವೆ ಅಂತ ಎಲ್ಲವನ್ನೂ ತೆಗೆದೆ. ದಪ್ಪನೆಯವು ಹೊರಗೆ ಹೊಂಬಣ್ಣ, ತಿಂದು ನೋಡಿದರೆ ಗರಿಗರಿ. ಬಿಸಿ ಇರುವಾಗ ಹೊರಪದರವಷ್ಟೇ ಹಲ್ಲಿಗೆ ಸಿಗುವುದು, ಹಾಗಾಗಿ ಒಳಗಿನ ಹಸಿ ಗೊತ್ತೇ ಆಗುವುದಿಲ್ಲ. ಸುರುಳಿಯ ನಡುವೆ ಮೂರು ನಾಲ್ಕು ಪದರ ಒಂದರ ಮೇಲೊಂದು ಅಂಟಿರುತ್ತವೆ, ಅಲ್ಲಿಯ ನೀರಿನಂಶ ಹೊರಹೋಗಲು ಸಮಯ ಬೇಕು. ಹೋಗದೆ ಉಳಿದದ್ದು ತಣ್ಣಗಾದ ಮೇಲೆ ನಿಧಾನವಾಗಿ ಹೊರಪದರಕ್ಕೆ ಬರುತ್ತದೆ. ಡಬ್ಬದ ಮುಚ್ಚಳ ಬಿಗಿಯಾಗಿದ್ದರಂತೂ ಅಲ್ಲಿಂದ ಪಕ್ಕದ ಕಿಡಿಯೊಗೆ. ನಾಲ್ಕು ಹಸಿ ಕಿಡಿಯೊ ಇದ್ದರೆ ಇಡೀ ಡಬ್ಬ ಮೆತ್ತಗಾಗುತ್ತದೆ. ಸಕ್ಕರೆ ಪಾಕ ಬೇರೆ ಹಾಕಿರುತ್ತೇವೆ, ಸಕ್ಕರೆ ಆ ನೀರನ್ನು ಎಳೆದುಕೊಂಡು ಅಂಟಂಟಾಗುತ್ತದೆ. 24ರ ಸಂಜೆ ರಾತ್ರಿಪೂಜೆಗೆ ಹೊರಡುವ ಮುಂಚೆ ತಟ್ಟೆ ತುಂಬಿಸಲು ಡಬ್ಬ ತೆರೆದರೆ ಎಲ್ಲ ನೀರಿಗೆ ಬಿದ್ದ ಹಪ್ಪಳದ ಹಾಗೆ. ಅಕ್ಕಪಕ್ಕದ ಮನೆಗಳಿಗೆ ಕೊಡಲು ಒಂದೂ ಉಳಿಯಲಿಲ್ಲ. ಮಗಳು ತಾನು ಮಾಡಿದ್ದನ್ನು ತಾನೇ ಕೊಡುತ್ತೇನೆ ಅಂತ ಕಾದಿದ್ದಳು. ನನಗೆ ಬೇಸರವಾದದ್ದು ಅದಕ್ಕೆ.

ಹಾಗಾಗಿ ಉಂಡೆ ನಿಮ್ಮ ಕೈಯಿಂದಲೇ, ಒಂದೇ ಗಾತ್ರಕ್ಕೆ. ಮಗು ಹಟ ಮಾಡಿ ತಾನೇ ಕಟ್ಟಿದರೆ ಕಟ್ಟಲಿ, ಬೈಯಬೇಡಿ. ಆದರೆ ಕರಿಯುವ ಮುಂಚೆ ತೆಳ್ಳಗಿನವು, ಮಧ್ಯಮದವು, ದಪ್ಪನೆಯವು ಅಂತ ಮೂರು ತಟ್ಟೆಗೆ ಆರಿಸಿ. ಎಣ್ಣೆ 160 ಡಿಗ್ರಿ ಆಸುಪಾಸಿರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಚೂರು ಹಿಟ್ಟು ಹಾಕಿ ನೋಡಿ, ತಳಕ್ಕೆ ಹೋಗಿ ನಿಧಾನವಾಗಿ ಮೇಲೆ ಬರಬೇಕು. ಹಾಕಿದ ಕೂಡಲೇ ಚಿಮ್ಮಿ ಮೇಲೆ ಬಂದರೆ ಉರಿ ಹೆಚ್ಚು. ತೆಳ್ಳಗಿನವಕ್ಕೆ ನಾಲ್ಕೈದು ನಿಮಿಷ, ಮಧ್ಯಮಕ್ಕೆ ಏಳು, ದಪ್ಪನೆಯವಕ್ಕೆ ಉರಿ ಇನ್ನೂ ಸಣ್ಣ ಮಾಡಿ ಹತ್ತು. ಗುಳ್ಳೆಗಳ ಸದ್ದು ಪೂರ್ತಿ ಇಳಿಯಬೇಕು. ಪ್ರತಿ ಒಬ್ಬೆಯಲ್ಲೂ ಒಂದು ಕಿಡಿಯೊ ತೆಗೆದು ನಡುವೆ ಮುರಿದು ನೋಡಿ. ಒಳಗೆ ಮೇಣದಂತೆ ಹೊಳೆಯುವ ಗೆರೆ ಕಂಡರೆ ಆ ಒಬ್ಬೆಯನ್ನು ಮತ್ತೆ ಎಣ್ಣೆಗೆ ಬಿಡಿ.

ಒಂದು ಗಂಟೆ ಆರಲಿ, ಆಮೇಲಷ್ಟೇ ಪಾಕ. 200 ಗ್ರಾಂ ಸಕ್ಕರೆಗೆ 80 ಮಿಲಿ ನೀರು, ಎರಡೆಳೆ ಬಂದ ಮೇಲೆ ಒಲೆ ಆರಿಸಿ ಕಿಡಿಯೊ ಹಾಕಿ, ಸಕ್ಕರೆ ಬೆಳ್ಳಗೆ ಒಣಗುವ ತನಕ ಮಗುಚುತ್ತಿರಿ. ಒಂದೆಳೆಗೇ ನಿಲ್ಲಿಸಿದರೆ ಪಾಕ ಒಣಗುವುದೇ ಇಲ್ಲ. ಪಾಕ ಎಣ್ಣೆಯಷ್ಟೇ ಸುಡುತ್ತದೆ, ಮೈಗೆ ಅಂಟಿಕೊಂಡರೆ ಬಿಡುವುದೂ ಇಲ್ಲ. ಆ ಹೊತ್ತಿಗೂ ಮಕ್ಕಳು ಅಡುಗೆಮನೆಯಲ್ಲಿ ಇರಕೂಡದು.

ಕೆಲಸ ಹಂಚಿಕೊಳ್ಳುವುದು ಹೀಗೆ. ಸಂಜೆ ನಾಲ್ಕಕ್ಕೆ ಮಗುವಿನ ಜೊತೆ ನೆಲದ ಮೇಲೆ ಕೂತು ಕಾಲು ಗಂಟೆ ಸುತ್ತಿ. ಅವನು ಎದ್ದು ಹೋದ ಮೇಲೆ ಉಳಿದದ್ದನ್ನು ನೀವಿಬ್ಬರು ಮುಗಿಸಿ. ಸುತ್ತಿದ್ದನ್ನು ಒಂದರ ಮೇಲೊಂದು ಬೀಳದಂತೆ ಅಗಲ ಡಬ್ಬದಲ್ಲಿ ಹರಡಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಫ್ಯಾನಿನಡಿ ಬಿಟ್ಟರೆ ಮೇಲೆ ಒಣ ಪದರ ಕಟ್ಟಿ ಕರಿಯುವಾಗ ಸೀಳುತ್ತದೆ. ಇಬ್ಬರೂ ಮಲಗಿದ ಮೇಲೆ ಅರ್ಧ ಗಂಟೆ ಹೊರಗಿಟ್ಟು ಕರಿಯಿರಿ. ತಣ್ಣಗಿನದನ್ನು ಹಾಗೇ ಹಾಕಿದರೆ ಎಣ್ಣೆಯ ಬಿಸಿ ಇಳಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಮಕ್ಕಳು ಎಚ್ಚರವಿರುವಾಗ ಬಾಣಲೆಯ ಒಲೆ ಹತ್ತಿಸಬೇಡಿ, "ನಾನು ನೋಡಿಕೊಳ್ತೇನೆ, ನೀನು ಕರಿ" ಅನ್ನುವ ಒಪ್ಪಂದವೂ ಬೇಡ. ಹತ್ತು ತಿಂಗಳ ಮಗು ಏನನ್ನಾದರೂ ಹಿಡಿದು ನಿಲ್ಲುವ ವಯಸ್ಸು, ಕೈಗೆ ಸಿಕ್ಕಿದ್ದನ್ನು ಎಳೆಯುತ್ತದೆ. ಕರಿದ ಎಣ್ಣೆ ಗಂಟೆಗಳ ಮೇಲೂ ಬಿಸಿ ಇರುತ್ತದೆ, ರಾತ್ರಿಯೇ ಬಾಣಲೆಯನ್ನು ಕಟ್ಟೆಯ ಒಳಮೂಲೆಗೆ ಸರಿಸಿ ಮಲಗಿ. ಎಲ್ಲಾದರೂ ಸುಟ್ಟುಕೊಂಡರೆ ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಐಸು ಯಾವುದೂ ಬೇಡ. ಗುಳ್ಳೆ ಎದ್ದರೆ ನೇರ ಆಸ್ಪತ್ರೆಗೆ.

ಚಿಕ್ಕವಳಿಗೆ ಕುಸ್ವಾರ್ ರುಚಿ ತೋರಿಸಬೇಡಿ, ಅಜ್ಜಿ ಫೋನಿನಲ್ಲಿ ಎಷ್ಟೇ ಹೇಳಲಿ. ಎರಡು ವರ್ಷದ ತನಕ ಸಕ್ಕರೆ ಬೇಡ, ಒಂದು ವರ್ಷದೊಳಗೆ ಜೇನುತುಪ್ಪ ಖಂಡಿತ ಬೇಡ. ತರಿಸಿದ ನೆವ್ರಿ, ಕೇಕಿನಲ್ಲಿ ಇಡೀ ಗೋಡಂಬಿ ಇದ್ದರೆ ದೊಡ್ಡವನಿಗೂ ತೆಗೆದು ಕೊಡಿ, ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಬ್ಬದ ದಿನ ಚಿಕ್ಕವಳ ತಟ್ಟೆಗೆ ಬೇಯಿಸಿದ ನೇಂದ್ರಬಾಳೆ ಹಾಕಿ, ನಮ್ಮವನು ಖುಷಿಯಿಂದ ತಿಂದ.

ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ) ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಿಣಮಿಣ ದೀಪ, ಹಾಡುವ ಸಾಂತಾ ಬೊಂಬೆಗಳಲ್ಲಿ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಂಥವನ್ನು ಮನೆಗೇ ತರಬೇಡಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಗಂಭೀರವಾಗಿ ಸುಟ್ಟುಹೋಗಬಹುದು, ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕು. ಇನ್ನು ಗೋದಲಿಯ ಹಸಿರು ಗದ್ದೆ ನಿಮ್ಮ ಮಗನ ಪಾಲಿನ ಕೆಲಸವಾಗಲಿ. ರಾಗಿ ಒಂದು ರಾತ್ರಿ ನೆನೆಸಿ, ಅಗಲ ತಟ್ಟೆಯಲ್ಲಿ ಒದ್ದೆ ಮಣ್ಣಿನ ಮೇಲೆ ಒತ್ತೊತ್ತಾಗಿ ಹರಡಿ, ಮೊಳಕೆ ಒಡೆಯುವ ತನಕ ಮುಚ್ಚಿಟ್ಟು ಆಮೇಲೆ ಕಿಟಕಿಯ ಬೆಳಕಿಗೆ. ಬೆಳಿಗ್ಗೆ ಸಂಜೆ ಅವನೇ ನೀರು ಚಿಮುಕಿಸಲಿ. ತಟ್ಟೆಯಲ್ಲಿ ನೀರು ನಿಂತರೆ ಬೂಷ್ಟು ಬರುತ್ತದೆ, ಬಗ್ಗಿಸಿ ಚೆಲ್ಲಿ. ಊರಿನಲ್ಲಿ ಡಿಸೆಂಬರ್ 15ಕ್ಕೆ ಬಿತ್ತಿದರೂ ನಡೆಯುತ್ತದೆ, ಬೆಂಗಳೂರಿನ ಚಳಿಗೆ ಮೊಳಕೆ ತಡ, 12ಕ್ಕೇ ಬಿತ್ತಿ.

ಇನ್ನೂ ಡಿಸೆಂಬರ್ ಮೊದಲ ವಾರ, ನಿಮಗೆ ಬೇಕಾದಷ್ಟು ಸಮಯವಿದೆ. ನೆವ್ರಿ, ಕೊಕ್ಕಿಸ ಈಗಲೇ ಹೇಳಿಡಿ, 20ರ ಮೇಲೆ ಸಿಕ್ಕುವುದು ಕಷ್ಟ. ಕಿಡಿಯೊ ಮುಂದಿನ ಶನಿವಾರ ಮಾಡಿ, ಸರಿಯಾಗಿ ಬೆಂದದ್ದು ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಗರಿಗರಿಯಾಗಿರುತ್ತದೆ. ಎರಡು ದಿನ ಬಿಟ್ಟು ಒಮ್ಮೆ ತೆರೆದು ನೋಡಿ. ಮೆತ್ತಗಾಗುತ್ತಿದೆ ಅನ್ನಿಸಿದರೆ 120 ಡಿಗ್ರಿ ಓವನ್‌ನಲ್ಲಿ ಇಪ್ಪತ್ತು ನಿಮಿಷ ಒಣಗಿಸಬಹುದು, ಅದಕ್ಕೆಂದೇ ಅರ್ಧ ಭಾಗಕ್ಕೆ ಪಾಕ ಹಾಕದೆ ಇಟ್ಟುಕೊಳ್ಳಿ. ಮೇಲೆ ಕೊಟ್ಟ ಅಳತೆಗೆ ಮೊಟ್ಟೆ ಸೇರಿಸಿಲ್ಲ, ಬೇಕೆಂದೇ ಬಿಟ್ಟದ್ದು. ಬೆಂಗಳೂರಿನಲ್ಲಿ ಮೇಲಿನ ಮನೆಯವರು, ಎದುರು ಮನೆಯವರು ಮೊಟ್ಟೆ ತಿನ್ನದವರಾಗಿರಬಹುದು. ತಟ್ಟೆಯನ್ನು ಮಗನ ಕೈಯಲ್ಲೇ ಕೊಟ್ಟು ಕಳಿಸಿ, "ಇದಕ್ಕೆ ಮೊಟ್ಟೆ ಹಾಕಿಲ್ಲ ಆಂಟಿ, ಸುತ್ತಿದ್ದು ನಾನು" ಅಂತ ಹೇಳಲು ಮೊದಲೇ ಕಲಿಸಿಡಿ. ಬೇಕರಿಯಿಂದ ತಂದ ಕೇಕನ್ನು ಅದೇ ತಟ್ಟೆಯಲ್ಲಿ ಇಡಬೇಡಿ, ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.